ಬೆಂಚಿನಡಿಯ ಪ್ರಾರ್ಥನೆ

ಒಂದೇ ಒಂದು ಸಲ ನರಿಗಿಂತ ಮೊದಲು ಡಬ್ಬಿ ಸಿಗಬೇಕು. ಲೊಥಾರನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ. ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಫೋನಿನ ಜಿಪಿಎಸ್ ನೋಡಿಕೊಂಡು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಗುರುತಿಗೆ ಏನಾದರೊಂದು ಇಟ್ಟು ಬರುವ ಆಟ ಅದು. ಹೆಂಡತಿ ಮಾರ್ಲೀಸ್ ತೀರಿಕೊಂಡ ಮೇಲೆ ಮನೆಯಲ್ಲಿ ಕೂರಲಾರದೆ ಹಿಡಿಸಿಕೊಂಡ ಗೀಳು. ಆದರೆ ಎಲ್ಲಿಗೆ ಹೋದರೂ ಚೀಟಿಯ ಮೊದಲ ಸಾಲಿನಲ್ಲಿ 'ನರಿ' ಎಂಬ ಹೆಸರು ಹಲ್ಲು ಕಿರಿಯುತ್ತಿತ್ತು. ಆ ನರಿ ಯಾರೆಂದು ಅವನಿಗೆ ತಿಳಿಯದು.

ಈ ಭಾನುವಾರ ಫೋನು ಹೊಸ ಡಬ್ಬಿ ತೋರಿಸಿದ್ದು ಅವನ ಬೀದಿಯ ಕೊನೆಯಲ್ಲೇ, ಊರವರು 'ಆತ್ಮಗಳ ಗೋದಾಮು' ಎಂದು ಆಡಿಕೊಳ್ಳುವ ಕಾಂಕ್ರೀಟ್ ಚರ್ಚಿನಲ್ಲಿ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಓಡಿದ. ಹೊರಗಿನ ಬೆಂಚಿನಡಿ ಮೊಣಕಾಲೂರಿ ಕೈ ಹಾಕಿದ್ದನಷ್ಟೆ.

"ಏನ್ರೀ ಲೊಥಾರ್, ಏನ್ ಕಳ್ಕೊಂಡ್ರಿ?"

ಪಕ್ಕದ ಮನೆಯ ಗೆರ್ಲಿಂಡ!

ಆಟದ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡುವಂತಿಲ್ಲ. "ಪ್ರಾರ್ಥನೆ ಮಾಡ್ತಿದ್ದೆ" ಎಂದುಬಿಟ್ಟ.

"ಬೆಂಚಿನ ಕೆಳಗಾ? ಚರ್ಚಿನ ಸದಸ್ಯರು ಕಟ್ಟೋ ತೆರಿಗೆ ಉಳಿಯುತ್ತೆ ಅಂತ ಚರ್ಚ್ ಬಿಟ್ಟೋರಲ್ವೇನ್ರೀ ನೀವು! ಫಾದರ್, ಬೇಗ ಬನ್ನಿ, ತಪ್ಪಿಸ್ಕೊಂಡ ಕುರಿ ಸಿಕ್ತು!"

ಫಾದರ್ ಟಿಲ್ಮನ್ ಓಡಿ ಬಂದರು. ಖಾಲಿ ಬೆಂಚುಗಳಿಗೇ ಪ್ರವಚನ ಹೇಳಿ ಸೋತಿದ್ದ ಮನುಷ್ಯ, ಲೊಥಾರನ ಕೈ ಬಿಡದೆ ಕರೆದೊಯ್ದು ಮೊದಲ ಸಾಲಿನಲ್ಲೇ ಕೂರಿಸಿದರು. ಇನ್ನು ಏಳುವಂತಿಲ್ಲ. ಪಕ್ಕದಲ್ಲಿ ಕೂತ ಗೆರ್ಲಿಂಡ, "ಹಾಡ್ಬೇಕಲ್ಲ, ಗಂಟಲಿಗೆ ಒಳ್ಳೇದು" ಎಂದು ಹಸಿರು ಕಾಗದದ ನೀಲಗಿರಿ ಪೆಪ್ಪರ್‌ಮೆಂಟು ಕೊಟ್ಟಳು. ಪ್ರವಚನದ ನಡುವೆ ಅವಳಿಗೇ ಕೆಮ್ಮು ಹತ್ತಿ ಹೊರಗೆ ಹೋಗಿ ಬಂದಳು.

ಲೊಥಾರನ ಜೀವವೆಲ್ಲ ಬೆಂಚಿನಡಿಯೇ ಇತ್ತು. ಅಷ್ಟರಲ್ಲಿ ಬೋಳು ಗೋಡೆಯ ಬಣ್ಣದ ಗಾಜಿನಿಂದ ನೀಲಿ ಬೆಳಕು ಇಳಿದು ಅವನ ಕೈಮೇಲೆ ಬಿತ್ತು. ಮಾರ್ಲೀಸಳ ಶವಪೆಟ್ಟಿಗೆ ಇಟ್ಟಿದ್ದದ್ದು ಇಲ್ಲೇ, ಅವನ ಎದುರಿಗೇ. ಅವತ್ತು ಈ ಬೆಳಕು ಅವನಿಗೆ ಕಂಡೇ ಇರಲಿಲ್ಲ. ದುಃಖ ಉಕ್ಕಿ ಬಂತು, ಜೊತೆಗೆ ಏನೋ ಒಂದು ಸಮಾಧಾನವೂ.

ಅವನ ಒದ್ದೆ ಕಣ್ಣು ಕಂಡ ಫಾದರ್, "ಬುಧವಾರ ಬನ್ನಿ, ನಿಮ್ಮನ್ನ ಮತ್ತೆ ಚರ್ಚಿಗೆ ಸೇರಿಸ್ಕೊಳ್ಳೋಣ" ಎಂದಾಗ ಹೂಂ ಅಂದುಬಿಟ್ಟ. ತೆರಿಗೆ ನೆನಪಾದದ್ದು ಬಾಗಿಲು ದಾಟಿದ ಮೇಲೆ.

ಹೋಗಲಿ, ಡಬ್ಬಿಯಾದರೂ ಇದೆಯಲ್ಲ! ಎಲ್ಲರೂ ಚದುರಿದ ಮೇಲೆ ಬೆಂಚಿನಡಿಯಿಂದ ಅದನ್ನು ಕಿತ್ತು ತೆರೆದ. ಚೀಟಿಯ ಮೊದಲ ಸಾಲಿನಲ್ಲಿ 'ನರಿ'. ಗುರುತಿಗೆ ಇಟ್ಟಿದ್ದು ಹಸಿರು ಕಾಗದದ ನೀಲಗಿರಿ ಪೆಪ್ಪರ್‌ಮೆಂಟು.

ಹಿಂದೆ ಯಾರೋ ಕೆಮ್ಮಿದರು.

"ಪ್ರಾರ್ಥನೆ ಇನ್ನೂ ಮುಗೀಲಿಲ್ವೇನ್ರೀ?" ಗೆರ್ಲಿಂಡ ನಗುತ್ತಿದ್ದಳು. "ಬುಧವಾರ ಮರೀಬೇಡಿ ಮತ್ತೆ!"

ಲೊಥಾರ್ ಎರಡನೆಯ ಸಾಲಿನಲ್ಲಿ ಹೆಸರು ಬರೆದ. ಗುರುತಿಗೆ ಬಿಡಲು ಜೇಬು ತಡಕಿದರೆ, ತಾನು ತಿಂದ ಪೆಪ್ಪರ್‌ಮೆಂಟಿನ ಬರಿಯ ಕಾಗದ ಸಿಕ್ಕಿತು. ಅದನ್ನೇ ಇಟ್ಟು ಮುಚ್ಚಿದ.