ಒಳಗೆ ಧ್ಯಾನ, ಹೊರಗೆ ಹೊಗೆ

ಹಿತ್ತಲಲ್ಲಿ ಕುಳಿತು ಬಚ್ಚಲ ಒಲೆಗೆ ಗೋವಿನಜೋಳದ ಬೆಂಡು ತುರುಕುತ್ತಿದ್ದೆ. ಶಿಗ್ಗಾವಿಯಿಂದ ನಾದಿನಿ ಗಿರಿಜಾಳ ಫೋನು ಬಂತು. ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡಿಗೆ ನಮ್ಮ ಹಿರೇಕೆರೂರಿನಲ್ಲಿ ಬರವಿಲ್ಲ, ಒಣಗಿದ್ದು ಸಿಗುವುದು ಮಾತ್ರ ಶಿವನ ದಯೆ. ನಾನು ಇಂಥ ದಯೆಗಳನ್ನು ದಿನಾ ಎಣಿಸುವವಳು. ಅವತ್ತು ಮೂರಾಗಿದ್ದವು: ಬೆಂಡು ಒಣಗಿತ್ತು, ನಳದ ನೀರು ಬಂದಿತ್ತು, ಹಾಲು ಒಡೆದಿರಲಿಲ್ಲ. ನಾಲ್ಕನೆಯದಕ್ಕೆ ಗಿರಿಜಾ ಅಡ್ಡ ಬಂದಳು.

"ವೈನಿ, ಅಣ್ಣಗ ಜಳಕದ ಧ್ಯಾನ ಹೇಳಿಕೊಟ್ಟೇನ್ರಿ. ನಾಳಿಂದ ಇಪ್ಪತ್ತೊಂದು ದಿನ. ನಡಾ ನೋವು, ಮನಸ್ಸಿನ ಭಾರ, ಎಲ್ಲಾ ಇಳೀತಾವ. ಅಣ್ಣ ಒಳಗಿದ್ದಾಗ ಬಾಗಿಲಾ ಮಾತ್ರ ಬಡೀಬ್ಯಾಡ್ರಿ."

"ಎಷ್ಟೊತ್ತವಾ?"

"ಬಾಳ ಏನಿಲ್ರಿ, ಮುಕ್ಕಾಲು ತಾಸು."

ಮುಕ್ಕಾಲು ತಾಸು! ಕೈಯಲ್ಲಿದ್ದ ಬೆಂಡನ್ನು ಒಲೆಗೆ ಹಾಕಲಿಲ್ಲ, ಒಗೆದೆ. ನಮ್ಮ ಮನೆಗೆ ಇರುವುದು ಒಂದೇ ಬಚ್ಚಲು. ಯಜಮಾನರು ಕಾಳುಕಡಿಯ ಅಡತಿ ಅಂಗಡಿಗೆ ಹೋಗಬೇಕು, ಹಾಗಾಗಿ ಅವರ ಜಳಕ ಮೊದಲು. ಮದುವೆಯಾದಾಗಿನಿಂದ ಇದೇ ಪಾಳಿ. ಅವರು ಚಹಾ ಕುಡಿದೇ ಬಚ್ಚಲಿಗೆ ಹೋಗುತ್ತಾರೆ. ನಾನು ಜಳಕ ಮಾಡಿ ಲಿಂಗಪೂಜೆ ಮುಗಿಸುವವರೆಗೆ ಒಂದು ಗುಟುಕು ನೀರೂ ಮುಟ್ಟುವವಳಲ್ಲ. ಅವರ ಮನಸ್ಸು ಹಗುರಾಗುವ ಆ ಮುಕ್ಕಾಲು ತಾಸೂ ಒಣಗುವುದು ನನ್ನ ಗಂಟಲು.

ಇನ್ನು ನನ್ನ ಜಳಕದ ಸಂಭ್ರಮ ಕೇಳಿ. ಎರಡು ತಂಬಿಗೆ ಸುರಿದುಕೊಳ್ಳುವಷ್ಟರಲ್ಲಿ ಬಾಗಿಲು ಧಡಧಡ. "ನನ್ನ ಚಾಳೀಸ ಎಲ್ಲೈತಿ?" ಮೂಗಿನ ಮೇಲೇ ಇರುತ್ತದೆ. ನಾಲ್ಕನೆಯ ತಂಬಿಗೆಗೆ, "ಗ್ಯಾಸಿನವರು ಬಂದಾರ, ಪುಸ್ತಕ ಎಲ್ಲಿಟ್ಟಿ?" ಸೋಪಿನ ನೊರೆಯ ಜೊತೆಗೇ ಉತ್ತರ ಕೊಟ್ಟು ಕೊಟ್ಟು ಮೂವತ್ತು ವರ್ಷ ಕಳೆದಿದ್ದೇನೆ. ನನ್ನ ಬಾಗಿಲು ಬಡಿಯಬೇಡಿರೆಂದು ಯಾವ ಊರಿನಿಂದಲೂ ಯಾರೂ ಫೋನು ಮಾಡಲಿಲ್ಲ.

ಮರುದಿನ ಧ್ಯಾನ ಶುರುವಾಯಿತು. ಮೊಮ್ಮಗನ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು, ಅದರಲ್ಲಿ ಉಪ್ಪು, ಬೇವಿನ ಎಲೆ. ಮಣೆಯ ಮೇಲೆ ಇವರು, ಟಬ್ಬಿನಲ್ಲಿ ಇವರ ಕಾಲು. ಅಷ್ಟಾಗಿದ್ದರೆ ಸುಮ್ಮನಿರುತ್ತಿದ್ದೆ. ಮಂದ ಬೆಳಕು ಬೇಕೆಂದು ದೇವರ ಜಗಲಿಯ ಮೇಲಿನ ಹಣತೆಯನ್ನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿಟ್ಟಿದ್ದರು! ನನ್ನ ಮೈಯೆಲ್ಲ ಉರಿಯಿತು. "ದೇವ್ರ ಹಣತಿ ಅದು! ಬಚ್ಚಲದಾಗ ಇಡತಾರೇನ್ರಿ?" ಎಂದು ಕೂಗಿದೆ. ಒಳಗಿನಿಂದ ಬಂದದ್ದು ಒಂದೇ ಶಬ್ದ: "ಶ್ಶ್!"

ನನ್ನ ಮನೆಯಲ್ಲಿ, ನಾನು ಕಾಯಿಸಿದ ನೀರಿನಲ್ಲಿ ಕಾಲಿಟ್ಟುಕೊಂಡು, ನನಗೇ ಶ್ಶ್! ನಾನು ಹೊಗೆ ಕುಡಿಯುತ್ತ ಬೆಂಡು ಹಾಕುತ್ತಲೇ ಇದ್ದೆ.

ಐದನೆಯ ದಿನ ಅಸಲು ಅನಾಹುತವೇ ಆಗುತ್ತಿತ್ತು. ನಮ್ಮ ಹಂಡೆ ತಾಮ್ರದ್ದು, ಯಲವಿಗಿಯ ನಮ್ಮವ್ವ ಮದುವೆಯಲ್ಲಿ ಕೊಟ್ಟದ್ದು. ಹಂಡೆ ಬಚ್ಚಲೊಳಗೆ, ಒಲೆಯ ಬಾಯಿ ಹಿತ್ತಲಿಗೆ. ಒಳಗಿದ್ದವರು ತೋಡಿದಷ್ಟು ತಣ್ಣೀರು ಮತ್ತೆ ತುಂಬಬೇಕು. ಬರಿ ಹಂಡೆಗೆ ಉರಿ ತಗುಲಿದರೆ ತಳದ ಬೆಸುಗೆ ಬಿಡುತ್ತದೆ. ಅವ್ವ ಹೋಗಿ ಎಂಟು ವರ್ಷವಾಯಿತು. ಅವಳ ಕೈ ತಾಗಿದ್ದು ನನ್ನ ಹತ್ತಿರ ಉಳಿದಿರುವುದು ಅದೊಂದೇ. ಅವತ್ತು ಕಾದ ತಾಮ್ರದ ವಾಸನೆ ಬಡಿಯಿತು. ಉರಿಯುವ ಬೆಂಡುಗಳನ್ನು ಬರಿಗೈಯಲ್ಲೇ ಹೊರಗೆಳೆದೆ. ಅಷ್ಟರಲ್ಲಿ ಇವರು ತಿಕ್ಕಿದ ಹಿತ್ತಾಳೆಯಂಥ ಮುಖ ಮಾಡಿಕೊಂಡು ಹೊರಬಂದರು.

"ಮನಸ್ಸು ಪೂರಾ ಖಾಲಿ ಆತು ನೋಡು."

"ಹಂಡೇನೂ ಖಾಲಿ ಆಗೇತಿ! ನಮ್ಮವ್ವನ ಹಂಡೆ ಸುಡಾಕತ್ತಿತ್ತು, ನಿಮಗ ಕಬರ್ ಐತೇನು?"

"ಧ್ಯಾನದಾಗ ಮರತೆ."

"ನಾಳೆ ರವಿವಾರ, ಅಂಗಡಿ ಇಲ್ಲ. ನೀವು ಒಲಿ ಮುಂದ ಕುಂದರ್ರಿ, ನಾ ಧ್ಯಾನ ಮಾಡ್ತೇನಿ. ಬಾಗಿಲಾ ಬಡದ್ರ ನೋಡ್ರಿ ಮತ್ತ!"

ಬೆಸುಗೆ ಉಳಿದಿತ್ತು. ದೊಡ್ಡ ದಯೆಯೇ, ಆದರೆ ಅವತ್ತು ಎಣಿಸುವ ಮನಸ್ಸಾಗಲಿಲ್ಲ.

ರವಿವಾರ ಹಟ ಹಿಡಿದು ಬಾಗಿಲು ಹಾಕಿಕೊಂಡೆ. ಮೊದಮೊದಲು ಕಿವಿ ಗ್ಯಾಸಿನ ಮೇಲಿಟ್ಟ ಹಾಲಿನ ಕಡೆಗೇ ಇತ್ತು. ಚಾಳೀಸಿನ ಕೂಗು ಈಗ ಬಂತು, ಆಗ ಬಂತು ಎಂದು ಕಾದೆ. ಬರಲಿಲ್ಲ. ಬೆನ್ನ ಮೇಲೆ ಬಿಸಿನೀರು ನಿಧಾನಕ್ಕೆ ಇಳಿಯಿತು. ಇನ್ನೊಂದು ತಂಬಿಗೆ, ಮತ್ತೊಂದು. ಶಿವನಾಮ ತಾನಾಗಿ ಬಾಯಿಗೆ ಬಂತು. ಕಣ್ಣಲ್ಲಿ ನೀರೂ ಬಂತು, ಒಳಗೆ ಹೊಗೆಯೇ ಇರಲಿಲ್ಲ. ಎಷ್ಟು ಹೊತ್ತು ಕುಳಿತಿದ್ದೆನೋ, ತಂಬಿಗೆ ತಳಕ್ಕೆ ಕಣಕಣ ಬಡಿದಾಗಲೇ ಎಚ್ಚರ.

ಹಂಡೆ ಬರಿದಾಗಿತ್ತು! ಒಂದು ತಂಬಿಗೆ ತಣ್ಣೀರನ್ನೂ ನಾನು ಹಾಕಿರಲಿಲ್ಲ.

ಸೀರೆ ಸುತ್ತಿಕೊಂಡು ಹಿತ್ತಲಿಗೆ ಓಡಿದೆ. ಬೆಂಡುಗಳೆಲ್ಲ ಹೊರಗೆ ಬಿದ್ದು ಹೊಗೆಯಾಡುತ್ತಿದ್ದವು. ಯಜಮಾನರು ಒಂದು ಕೈ ನಡುವಿನ ಮೇಲಿಟ್ಟುಕೊಂಡು, ಇನ್ನೊಂದು ಕೈಯ ಬೆರಳನ್ನು ಊದಿಕೊಳ್ಳುತ್ತ ಕುಳಿತಿದ್ದರು. ಕಣ್ಣು ಕೆಂಪಗೆ.

"ಕೂಗಬಾರದೇನ್ರಿ?" ಎಂದೆ.

"ಬಾಗಿಲಾ ಬಡೀಬ್ಯಾಡ ಅಂದಿದ್ಯಲ್ಲ."

ಪುಣ್ಯಾತ್ಮರು ಮತ್ತೆ ಬೆರಳು ಊದಿಕೊಳ್ಳತೊಡಗಿದರು. ಒಂದು ಬೈದಿದ್ದರೆ ನಾನು ಹತ್ತು ಬೈಯಬಹುದಿತ್ತು. ಐದು ದಿನದಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಈಗ ಯಾರ ಮೇಲೆ ಹಾಕಲಿ? ಪೂಜೆ ಇನ್ನೂ ಆಗಿರಲಿಲ್ಲ, ಗಂಟಲು ಒಣಗಿತ್ತು. ತಾಮ್ರ ಆರುವವರೆಗೆ ಕಾದು, ಕೊಡ ಎತ್ತಿಕೊಂಡು ಅವರ ಜಳಕಕ್ಕೆ ಹಂಡೆಗೆ ನೀರು ತುಂಬತೊಡಗಿದೆ.