ಏಳು ಕತ್ತೆಗಳೂ ಒಂದು ಕಿಟಕಿಯೂ

ಬಡ್ತಿಗೆ ಅರ್ಹನಾದ ಪ್ರತಿ ನೌಕರನೂ ವರ್ಷಕ್ಕೆ ಕನಿಷ್ಠ ಮೂರು ಬಾರಿ ನಗತಕ್ಕದ್ದು ಎಂಬುದು ನಮ್ಮ ಕಚೇರಿಯ ಹಾಸ್ಯಪ್ರಜ್ಞೆ ನಿಯಮ. ಅದರಂತೆ ಎಲ್ಲರಿಗೂ ಒಂದು ಹೆಸರಾಂತ ವಿಡಂಬನ ಕೃತಿಯನ್ನು ಹಂಚಿ, ಓದಿಸಿ, ಆಮೇಲೆ ಸಭಾಂಗಣದಲ್ಲಿ ಅದರ ಕಾರ್ಟೂನ್ ಚಿತ್ರವನ್ನೂ ತೋರಿಸಲಾಯಿತು. ಕಥೆ ಇಷ್ಟೆ: ಏಳು ಕತ್ತೆಗಳು ನಡೆಸುವ ಕಚೇರಿಗೆ, ಕಿಟಕಿ ತೆರೆಯಿರೆಂದು ಒಂದು ಮೊಲ ಅರ್ಜಿ ಹಾಕುತ್ತದೆ. ಏಳೂ ಕತ್ತೆಗಳು ರುಜು ಹಾಕುವಷ್ಟರಲ್ಲಿ ನಾಲ್ಕು ದಿನ ಕಳೆದು, ಮೊಲ ಉಸಿರುಗಟ್ಟಿ ಮೂರ್ಛೆ ಹೋಗಿರುತ್ತದೆ.

ನಿರ್ದೇಶಕರು ಮೊದಲು ನಕ್ಕರು. ಆದ್ದರಿಂದ ಎಲ್ಲರೂ ನಕ್ಕರು. ನಗು ದಾಖಲಿಸುವ ಹೊಣೆ ಅಧೀಕ್ಷಕನಾದ ನನ್ನದು; ರೆಕಾರ್ಡ್ ರೂಮಿನ ಗುಮಾಸ್ತರ ಹೆಸರಿನ ಮುಂದೆ ಮಾತ್ರ ಸೊನ್ನೆ ಬಿತ್ತು. ಅವರ ನಿವೃತ್ತಿಗೆ ಉಳಿದದ್ದು ಎಂಟು ತಿಂಗಳು. ಇಪ್ಪತ್ತಾರು ವರ್ಷ ಕಾದ ಬಡ್ತಿ ತಡೆಹಿಡಿದು ವಿಚಾರಣೆಗೆ ಕರೆಯಲಾಯಿತು.

“ಏನ್ರೀ, ಪುಸ್ತಕ ಓದಿದ್ರಾ?” ನಿರ್ದೇಶಕರು ಕೇಳಿದರು.

“ಎರಡು ಸಲ ಓದಿದೆ ಸಾರ್.”

“ಸಿನಿಮಾ?”

“ರೆಪ್ಪೆ ಮಿಟುಕಿಸದೆ ನೋಡಿದೆ.”

“ಕತ್ತೆ ಕನ್ನಡಕ ಹಾಕ್ಕೊಂಡು ಹಾಡುತ್ತಲ್ರೀ, ಅಲ್ಲೂ ನಗು ಬರಲಿಲ್ವಾ?”

“ಹೊಟ್ಟೆಕಿಚ್ಚು ಬಂತು ಸಾರ್. ನನ್ನ ರೂಮಿನ ಕಿಟಕಿಗೆ ಮೊಳೆ ಹೊಡೆದಿದ್ದಾರೆ. ತೆಗೆಸಿ ಅಂತ ಅರ್ಜಿ ಕೊಟ್ಟು ಹನ್ನೊಂದು ವರ್ಷ ಆಯ್ತು. ಆ ಪುಣ್ಯಾತ್ಮ ಕತ್ತೆಗಳು ನಾಲ್ಕೇ ದಿನಕ್ಕೆ ಮುಗಿಸಿದ್ವಲ್ಲ!”

ವಿಚಾರಣಾ ಸಮಿತಿ ಆ ಅರ್ಜಿಯ ಕಡತ ತರಿಸಿತು. ಹನ್ನೊಂದು ವರ್ಷ ನಿಜ. ಬೇಕಾದ ರುಜು ಹತ್ತೊಂಬತ್ತು; ಬಿದ್ದದ್ದು ಎರಡು, ಅದರಲ್ಲೊಂದು ತಪ್ಪು ಜಾಗದಲ್ಲಿ. ಕೂಲಂಕಷ ಚರ್ಚೆಯ ನಂತರ ಕತ್ತೆಗಳ ಪದ್ಧತಿ ನಮ್ಮದಕ್ಕಿಂತ ದಕ್ಷವೆಂದು ಒಮ್ಮತದಿಂದ ಒಪ್ಪಿ, ಆ ಪುಸ್ತಕವನ್ನೇ ಕಚೇರಿಯ ಕೈಪಿಡಿಯಾಗಿ ಅಂಗೀಕರಿಸಲಾಯಿತು.

ಕೈಪಿಡಿ ಓದಿ ನಗುವುದು ದುರ್ನಡತೆ. ಆದಕಾರಣ ಅಂದು ನಕ್ಕವರಿಗೆಲ್ಲ ನೋಟಿಸು ಹೋಗಿದೆ. ನಿರ್ದೇಶಕರು ತಮಗೂ ಒಂದು ನೋಟಿಸು ಬರೆದುಕೊಂಡು, ಸಮಜಾಯಿಷಿಯನ್ನೂ ತಾವೇ ಕೊಟ್ಟು, ‘ತೃಪ್ತಿಕರ’ ಎಂದು ಷರಾ ಹಾಕಿದ್ದಾರೆ. ನಗದೇ ಇದ್ದ ಗುಮಾಸ್ತರಿಗೆ ಪ್ರಶಂಸಾಪತ್ರವೂ ಬಡ್ತಿಯೂ ಸಿಕ್ಕಿವೆ. ಕೋಣೆ ಅದೇ.

ಕೈಪಿಡಿಯಲ್ಲಿರುವ ಹುದ್ದೆಗಳನ್ನು ಹೆಸರು ಬದಲಿಸದೆ ಭರ್ತಿ ಮಾಡಲಾಗಿದೆ. ಕಿಟಕಿಯ ಅರ್ಜಿ ನಿನ್ನೆ ಮೊದಲನೇ ಕತ್ತೆಯ ಮೇಜಿಗೆ ಬಂದಿದೆ. ಸೇವಾ ಹಿರಿತನದ ಮೇರೆಗೆ ಆ ಹುದ್ದೆ ನನಗೆ ಬಂದಿದ್ದು, ಅರ್ಜಿಯನ್ನು ಪರಿಶೀಲಿಸುತ್ತಿದ್ದೇನೆ. ಬೆಳಿಗ್ಗೆಯಿಂದ ರೆಕಾರ್ಡ್ ರೂಮಿನಿಂದ ಕೆಮ್ಮು ಕೇಳಿಸುತ್ತಿದೆ. ಅವಸರವಿಲ್ಲ, ಕೈಪಿಡಿಯ ಪ್ರಕಾರ ಮೂರ್ಛೆಗೆ ಇನ್ನೂ ಮೂರು ದಿನ ಕಾಲಾವಕಾಶವಿದೆ.