ಚಿಕ್ಕಪ್ಪ ಹೆಚ್ಚದ ಕುಂಬಳಕಾಯಿ

ನಮ್ಮ ಚಿಕ್ಕಪ್ಪ ತಮ್ಮ ಮದುವೆಗೇ ತಡವಾಗಿ ಬಂದರಂತೆ. ಕುಂಬಳದ ಹೂವುಗಳ ಮದುವೆಗೆ ಮಾತ್ರ ಒಂದು ದಿನವೂ ತಡ ಮಾಡಿದವರಲ್ಲ!

ಅವರಿಗೆ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಮನಸ್ಸು ಮಾತ್ರ ಸದಾ ನಗರಗೆರೆಯ ಮನೆಯ ಹಿತ್ತಲಲ್ಲಿ, ಸಿಹಿಗುಂಬಳದ ಬಳ್ಳಿಯ ಹತ್ತಿರ. ಬೆಳಕು ಹರಿಯುವ ಮುಂಚೆಯೇ ಎದ್ದು, ತಲೆಗೆ ಮಫ್ಲರ್ ಸುತ್ತಿ, ಮಂಜಿನೊಳಗೆ ಇಳಿಯುತ್ತಾರೆ. ಗಂಡು ಹೂವೊಂದನ್ನು ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸುತ್ತಾರೆ. ಸುತ್ತ ಏನೂ ಕಾಣದ ಆ ಹೊತ್ತಿನಲ್ಲಿ ಹೂವಿನ ಹಳದಿ ಮತ್ತು ಚಿಕ್ಕಪ್ಪನ ಮಫ್ಲರ್ ಮಾತ್ರ ತೇಲುತ್ತಿರುತ್ತವೆ.

"ಆ ಕೆಲಸಕ್ಕೆ ಜೇನುನೊಣ ಇಲ್ವಾ ಚಿಕ್ಕಪ್ಪ?" ಎಂದು ಕೇಳಿದ್ದೆ.

"ಇದಾವಮ್ಮ. ಆದ್ರೆ ಅವಕ್ಕೆ ಅವಸರ ಜಾಸ್ತಿ."

ಕಾಯಿ ಬಲಿತ ಮೇಲೆ ಒಳಗೆ ತಂದು ಮಂಚದ ಮೇಲೆ ಮಲಗಿಸುತ್ತಾರೆ. ಅವರು ಮಲಗುವುದು ಚಾಪೆಯ ಮೇಲೆ. ಬಂದ ನೆಂಟರು ಎಲ್ಲಿ ಕೂರಬೇಕು? ಅದನ್ನು ನೆಂಟರೇ ಯೋಚಿಸಬೇಕು.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದಿಲ್ಲ. ಹಾಗಾಗಿ ಚಿಕ್ಕಮ್ಮ ಮಚ್ಚು ತಂದು ಗಂಡನ ಮುಂದಿಡುತ್ತಿದ್ದರು.

"ಇವತ್ತಾದ್ರೂ ಒಂದೇಟು ಹಾಕ್ಕೊಡಿ."

"ಇನ್ನೂ ಮಾಗ್ಬೇಕು ಕಣೇ. ಅವಸರ ಮಾಡಬ್ಯಾಡ."

ಒಮ್ಮೆ ಚಿಕ್ಕಮ್ಮ ರೋಸಿಹೋಗಿ ಗೌರಿಬಿದನೂರಿನ ಸಂತೆಯಿಂದ ಒಂದು ಹೋಳು ಕುಂಬಳಕಾಯಿ ತಂದು ಹುಳಿ ಮಾಡಿದರು. ಚಿಕ್ಕಪ್ಪ ಮುದ್ದೆ ಕೈಯಲ್ಲಿ ಹಿಡಿದು, "ಇದು ನಮ್ಮದಲ್ಲ ತಾನೇ?" ಎಂದು ಖಚಿತಪಡಿಸಿಕೊಂಡು, ಎರಡು ಸಲ ಬಡಿಸಿಕೊಂಡು ಉಂಡರು!

ಹೋದ ವರ್ಷ ನನಗೆ ಡೆಂಗಿ ಬಂತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವರ ಮನೆಯಲ್ಲೇ ಉಳಿದೆ. ಗಂಜಿಯೂ ಸೇರುತ್ತಿರಲಿಲ್ಲ. ಬಾಯಿಗೆ ರುಚಿಯೇ ಇಲ್ಲ. ಚಿಕ್ಕಮ್ಮ ಮಾಡಿಕೊಟ್ಟಿದ್ದೆಲ್ಲ ತಟ್ಟೆಯಲ್ಲೇ ಆರುತ್ತಿತ್ತು. ಒಂದು ಮಧ್ಯಾಹ್ನ ಚಿಕ್ಕಪ್ಪ ಹಣೆ ಮುಟ್ಟಿ ನೋಡಿ, "ಏನ್ ತಿನ್ಬೇಕು ಅನ್ಸುತ್ತಮ್ಮ?" ಎಂದರು.

ಅರೆನಿದ್ದೆಯಲ್ಲಿದ್ದೆ. "ಕುಂಬಳಕಾಯಿ ಪಲ್ಯ" ಎಂದುಬಿಟ್ಟೆನಂತೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಮಚ್ಚಿನ ಏಟು ಕೇಳಿಸಿತು. ಕಣ್ಣು ಬಿಟ್ಟರೆ, ಮಂಚದ ಮೇಲಿದ್ದ ಎಲ್ಲಕ್ಕಿಂತ ದೊಡ್ಡ ಕಾಯಿ ಇಲ್ಲ. ಅಡುಗೆಯ ಗಂಧವಿಲ್ಲದ ಚಿಕ್ಕಪ್ಪ ಹೆಂಡತಿಯನ್ನು ಹೊರಗೆ ನಿಲ್ಲಿಸಿ, ತಾವೇ ಹೆಚ್ಚಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಬೆಲ್ಲ, ತೆಂಗಿನತುರಿ ಹಾಕಿ ಬೇಯಿಸಿದರು. ತಟ್ಟೆ ತಂದು ನನ್ನ ಮುಂದಿಟ್ಟು ಕುಕ್ಕರುಗಾಲಲ್ಲಿ ಕೂತರು.

"ಹೆಂಗಿದ್ಯಮ್ಮ?"

ಬಿಸಿ ಎನ್ನುವುದು ಬಿಟ್ಟರೆ ನನ್ನ ನಾಲಿಗೆಗೆ ಏನೂ ತಿಳಿಯಲಿಲ್ಲ. ಆದರೂ ತಟ್ಟೆ ಖಾಲಿಯಾಯಿತು. "ತುಂಬ ಚೆನ್ನಾಗಿದೆ ಚಿಕ್ಕಪ್ಪ" ಎಂದೆ. ಅವರು ಮಫ್ಲರಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹಿತ್ತಲಿಗೆ ಹೋದರು.

ಚಿಕ್ಕಮ್ಮ ಬಾಣಲೆಯಿಂದ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಅಯ್ಯೋ, ಉಪ್ಪೇ ಹಾಕಿಲ್ಲ ಕಣೇ" ಎಂದು ಪಿಸುಗುಟ್ಟಿದರು.

ಉಪ್ಪಿನ ಡಬ್ಬಿಗೆ ಕೈ ಹಾಕಿದವರು ಒಂದು ಗಳಿಗೆ ಹಿತ್ತಲ ಕಡೆ ನೋಡಿದರು. ಡಬ್ಬಿ ಮುಚ್ಚಿದರು. ಉಳಿದ ಪಲ್ಯವನ್ನು ತಟ್ಟೆಗೆ ಹಾಕಿಕೊಂಡು, ನನ್ನ ಪಕ್ಕ ಕೂತು, ಹಾಗೆಯೇ ತಿಂದರು.